ಚಳಿಗಾಲದ ಬಿಸಿಲು ಮತ್ತು ನನ್ನದೊಂದು ಹಳೆಯ ತಪ್ಪು

1991ನೆಯ ಇಸವಿಯ ಡಿಸೆಂಬರ್ ತಿಂಗಳಿರಬೇಕು. ಒಂಬತ್ತನೆಯ ತರಗತಿಯಲ್ಲಿ ಶಕ್ತಿಯ ಆಕರಗಳ ಪಾಠ ನಡೆದಿತ್ತು. ಸೌರಕೋಶದ ಬಗ್ಗೆ ನಾನು ನಾಲ್ಕು ಮಾತು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಸಾರ್, ಚಳಿಗಾಲದಲ್ಲಿ ಇದು ಕೆಲಸ ಮಾಡುತ್ತದೆಯೇ?" ಎಂದು ಕೇಳಿದ. "ಮಾಡುತ್ತದೆ, ಆದರೆ ಬಿಸಿಲಿನ ಕಾವು ಕಡಿಮೆ, ಅದಕ್ಕೆ ತಕ್ಕಂತೆ ವಿದ್ಯುತ್ತೂ ಕಡಿಮೆ" ಎಂದೆ. ಹುಡುಗ ಕೂರಲಿಲ್ಲ. "ನಮ್ಮ ಅಣ್ಣನ ಕ್ಯಾಲ್ಕುಲೇಟರ್ ಟ್ಯೂಬ್‌ಲೈಟಿನ ಕೆಳಗೂ ನಡೆಯುತ್ತದೆ ಸಾರ್, ಅಲ್ಲಿ ಕಾವು ಎಲ್ಲಿದೆ?" ಎಂದ. ತರಗತಿ ನಕ್ಕಿತು. ನಾನು "ಕೂತ್ಕೋ, ಪಾಠ ಮುಂದುವರಿಯಲಿ" ಎಂದೆ. ಉತ್ತರ ಗೊತ್ತಿಲ್ಲದ ಮೇಷ್ಟರಿಗೆ ಆ ವಾಕ್ಯ ಬಹಳ ಉಪಕಾರಿ.

ಆ ತರಗತಿಯಲ್ಲಿದ್ದವರಲ್ಲಿ ಕೆಲವರಾದರೂ ಇದನ್ನು ಓದುತ್ತಿದ್ದೀರಿ. ಅಂದು ಹುಡುಗನದು ಸರಿ, ನನ್ನದು ತಪ್ಪು. ಅದು ನನಗೆ ಮನದಟ್ಟಾಗಲು ನಮ್ಮ ಸಾಗರದ ಮನೆಯ ತಾರಸಿಯ ಮೇಲೆ ಸೌರಫಲಕಗಳು ಬರಬೇಕಾಯಿತು.

ಆ ಪ್ರಶ್ನೆಯನ್ನು ನನ್ನ ಶಿಷ್ಯನಿಗಿಂತ ನೂರು ವರ್ಷಕ್ಕೂ ಹಿಂದೆ ಲಂಡನ್ನಿನಲ್ಲಿ ಇಬ್ಬರು ಕೇಳಿಕೊಂಡಿದ್ದರು. ಬೆಳಕು ಬಿದ್ದಾಗ ವಿದ್ಯುತ್ ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ದ್ರಾವಣದಲ್ಲಿ ಅದ್ದಿದ ಲೋಹದ ಫಲಕಗಳಲ್ಲಿ ಕಂಡಿದ್ದ. 1876ರಲ್ಲಿ ವಿಲಿಯಂ ಗ್ರಿಲ್ಸ್ ಆಡಮ್ಸ್ ಮತ್ತು ಅವರ ಶಿಷ್ಯ ರಿಚರ್ಡ್ ಡೇ ಸೆಲೆನಿಯಂ ಎಂಬ ಘನವಸ್ತುವಿನಲ್ಲಿಯೂ ಅದೇ ಬಗೆಯ ಪರಿಣಾಮವನ್ನು ಕಂಡರು. ಸೆಲೆನಿಯಮ್ಮಿನ ಹತ್ತಿರ ಉರಿಯುವ ಮೇಣದಬತ್ತಿ ತಂದೊಡನೆ ಮಾಪಕದ ಮುಳ್ಳು ಅಲುಗಿತು. ಆಗ ಅವರಿಗೂ ಹುಟ್ಟಿದ್ದು ಇದೇ ಸಂಶಯ: ವಿದ್ಯುತ್ ಹುಟ್ಟಿದ್ದು ಬತ್ತಿಯ ಬೆಳಕಿನಿಂದಲೋ, ಅದರ ಕಾವಿನಿಂದಲೋ? ಅವರು ನಡುವೆ ಮರೆಯೊಂದನ್ನು ಹಿಡಿದರು. ಮುಳ್ಳು ತಟ್ಟನೆ ಸೊನ್ನೆಗೆ ಬಿದ್ದಿತು. ಕಾವಿನ ಕೆಲಸವಾಗಿದ್ದರೆ ಮುಳ್ಳು ನಿಧಾನವಾಗಿ ಏರಿ ನಿಧಾನವಾಗಿ ಇಳಿಯಬೇಕಿತ್ತು. ಒಲೆ ಆರಿಸಿದ ಮೇಲೂ ಹಂಡೆಯ ನೀರು ಬಿಸಿಯಾಗಿಯೇ ಇರುತ್ತದಲ್ಲವೇ? ಒಂದು ಮೇಣದಬತ್ತಿ, ಒಂದು ಮರೆ, ಅಷ್ಟೇ ಸಲಕರಣೆ. ನಮ್ಮ ಶಾಲೆಯ ಬಡ ಪ್ರಯೋಗಾಲಯದಲ್ಲಿ ಸೆಲೆನಿಯಂ ಇಲ್ಲದಿದ್ದರೂ ಆ ಅಣ್ಣನ ಕ್ಯಾಲ್ಕುಲೇಟರಿನಿಂದಲೇ ನಾನು ಇದನ್ನು ಮಾಡಿ ತೋರಿಸಬಹುದಿತ್ತು.

ಆದರೂ "ಸೌರ" ಎಂದೊಡನೆ ಕಾವನ್ನು ನೆನೆಯುವ ರೂಢಿ ನನ್ನೊಬ್ಬನದೇ ಅಲ್ಲ. ಸೆಲೆನಿಯಂ ಕೋಶಗಳು ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲನ್ನೂ ವಿದ್ಯುತ್ತಾಗಿಸುತ್ತಿರಲಿಲ್ಲ. ಆದ್ದರಿಂದ ಸೂರ್ಯನನ್ನು ಮನೆಯ ಕೆಲಸಕ್ಕೆ ಹೂಡಬೇಕೆಂದವರು ಬಹುಕಾಲ ಕಾವಿನ ಬೆನ್ನು ಹತ್ತಿದರು. ಅವರಿಗೆ ಎದುರಾಳಿಯಾಗಿದ್ದದ್ದು ಚಳಿಗಾಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಡೋವರ್ ಎಂಬಲ್ಲಿ 1948ರ ಕೊನೆಗೆ ಒಂದು ಮನೆ ಸಿದ್ಧವಾಯಿತು. ವಿಜ್ಞಾನ ಮರಿಯಾ ಟೆಲ್ಕೆಸ್ ಅವರದು, ವಾಸ್ತುವಿನ್ಯಾಸ ಎಲಿನರ್ ರೇಮಂಡ್ ಅವರದು, ಹಣ ಅಮೀಲಿಯಾ ಪೀಬಾಡಿ ಅವರದು, ಮೂವರೂ ಮಹಿಳೆಯರು. ಮನೆಯ ದಕ್ಷಿಣದ ಗೋಡೆಯ ಮೇಲ್ಭಾಗದ ತುಂಬ ಗಾಜು. ಅದರ ಹಿಂದೆ ಕಾದ ಗಾಳಿಯನ್ನು ಗ್ಲಾಬರ್ ಲವಣ ತುಂಬಿದ ಡಬ್ಬಿಗಳತ್ತ ಬೀಸುತ್ತಿದ್ದರು. ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಲವಣ ಕರಗುತ್ತದೆ, ಕರಗುವಾಗ ಶಾಖವನ್ನು ಅಡಗಿಸಿಕೊಳ್ಳುತ್ತದೆ, ರಾತ್ರಿ ಮತ್ತೆ ಗಟ್ಟಿಯಾಗುವಾಗ ಅದನ್ನು ಬಿಟ್ಟುಕೊಡುತ್ತದೆ. ಗುಪ್ತೋಷ್ಣದ ಪಾಠವನ್ನು ಮೂವತ್ತಾರು ವರ್ಷ ಮಂಜುಗಡ್ಡೆಯ ಉದಾಹರಣೆಯೊಂದರಲ್ಲೇ ಮುಗಿಸಿದ ನನಗೆ ಈ ಮನೆಯ ಕಥೆ ಮೊದಲೇ ತಿಳಿದಿದ್ದರೆ ಎಂದು ಈಗ ಅನ್ನಿಸುತ್ತದೆ.

ಎರಡು ಚಳಿಗಾಲ ಅದು ನಡೆಯಿತು. ಮೂರನೆಯ ಚಳಿಗಾಲದ ಹೊತ್ತಿಗೆ ಕರಗಿ ಗಟ್ಟಿಯಾಗುತ್ತಿದ್ದ ಲವಣ ಪದರ ಪದರವಾಗಿ ಬೇರ್ಪಟ್ಟಿತು, ಡಬ್ಬಿಗಳು ತುಕ್ಕು ಹಿಡಿದು ಸೋರಿದವು. ಕೊನೆಗೆ ಆ ಮನೆಗೂ ಸಾಮಾನ್ಯ ಕುಲುಮೆಯೇ ಬಂದಿತು. ಇದನ್ನು ಸೋಲೆಂದು ಬರೆದುಬಿಡುವವರಿದ್ದಾರೆ, ನನಗೆ ಹಾಗೆನ್ನಿಸುವುದಿಲ್ಲ. ಹಿಮ ಬೀಳುವ ಊರಿನಲ್ಲಿ ಒಂದು ಕುಟುಂಬ ಎರಡು ಚಳಿಗಾಲವನ್ನು ಬಿಸಿಲಿನ ಕಾವಿನಲ್ಲಿ ಕಳೆದದ್ದು ಸಣ್ಣ ಮಾತಲ್ಲ.

ಬೆಳಕಿನ ದಾರಿ ಮತ್ತೆ ತೆರೆದದ್ದು 1954ರ ಏಪ್ರಿಲ್ 25ರಂದು. ಬೆಲ್ ಪ್ರಯೋಗಾಲಯದ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ತಯಾರಿಸಿದ ಸಿಲಿಕಾನ್ ಕೋಶವನ್ನು ಅಂದು ಸಾರ್ವಜನಿಕರ ಮುಂದಿಟ್ಟರು. ಅದರ ದಕ್ಷತೆ ಸುಮಾರು ಶೇಕಡಾ 6. ಇದರ ಮೂಲದಲ್ಲಿದ್ದದ್ದು ನಮ್ಮಂಥ ಹವೆಯ ಊರುಗಳ ತೊಂದರೆ ಎಂಬುದು ಗಮನಾರ್ಹ. ಸೆಕೆಯೂ ತೇವವೂ ಇರುವ ಪ್ರದೇಶಗಳಲ್ಲಿ ಟೆಲಿಫೋನಿನ ಬ್ಯಾಟರಿಗಳು ಬೇಗ ಕೆಡುತ್ತಿದ್ದವು, ಅದಕ್ಕೆ ಬದಲಿ ಹುಡುಕುವ ಕೆಲಸವನ್ನು ಚಾಪಿನ್ ಅವರಿಗೆ ವಹಿಸಲಾಗಿತ್ತು. 1973ರಲ್ಲಿ ಡೆಲವೇರ್ ವಿಶ್ವವಿದ್ಯಾಲಯದವರು ಕಾರ್ಲ್ ಬೋಯರ್ ಅವರ ನೇತೃತ್ವದಲ್ಲಿ ಕಟ್ಟಿದ "ಸೋಲಾರ್ ಒನ್" ಎಂಬ ಮನೆಯಲ್ಲಿ ಎರಡು ದಾರಿಗಳೂ ಕೂಡಿದವು: ಮಾಡಿನ ಮೇಲೆ ಕೋಶಗಳು ಬೆಳಕಿನಿಂದ ವಿದ್ಯುತ್ ಕೊಡುತ್ತಿದ್ದವು, ಅವುಗಳ ಬೆನ್ನಿಗೆ ಗಾಳಿ ಹಾಯಿಸಿ ಅಲ್ಲಿಯ ಕಾವನ್ನು ಮನೆಗೆ ಒಯ್ಯುತ್ತಿದ್ದರು. 1990ರಲ್ಲಿ ಜರ್ಮನಿ ಸಾವಿರ ಮಾಡುಗಳ ಯೋಜನೆಯನ್ನು ಆರಂಭಿಸಿತು. ಮನೆಯವರು ತಮ್ಮ ಮಾಡಿನ ವಿದ್ಯುತ್ತನ್ನು ಊರಿನ ತಂತಿಗೆ ಸೇರಿಸುವ ಕ್ರಮ ಅಲ್ಲಿಂದ ಬಲಗೊಂಡಿತು. ನಮ್ಮ ಕರ್ನಾಟಕದಲ್ಲಿ 1995ರಲ್ಲಿ ಸೆಲ್ಕೋ ಸಂಸ್ಥೆ ಆರಂಭವಾಗಿ, ವಿದ್ಯುತ್ ತಂತಿ ಮುಟ್ಟದ ಹಳ್ಳಿಮನೆಗಳಿಗೆ ದೀಪ ಕೊಟ್ಟಿತು. ಆ ಕಥೆಗೆ ಬೇರೆಯೇ ಲೇಖನ ಬೇಕು.

ಇನ್ನು ನಮ್ಮ ತಾರಸಿಗೆ ಬರುತ್ತೇನೆ. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಸೂರ್ಯಘರ್ ಯೋಜನೆಯನ್ನು ಘೋಷಿಸಿತು. 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವೆಂದು ಕೇಳಿ, ನಿವೃತ್ತಿಯ ಉಳಿತಾಯದಿಂದ ಉಳಿದ ಹಣ ಹಾಕಿ, ಆ ವರ್ಷದ ಅಕ್ಟೋಬರಿನಲ್ಲಿ ಫಲಕಗಳನ್ನು ಹಾಕಿಸಿದೆ. "ಮಳೆಗಾಲ ಮುಗಿದು ಚಳಿಗಾಲಕ್ಕೆ ಹಾಕಿಸುತ್ತಿದ್ದೀರಲ್ಲ, ಬೇಸಿಗೆಯವರೆಗೆ ದುಡ್ಡು ಸುಮ್ಮನೆ ಮಲಗುತ್ತದೆ" ಎಂದು ನಮ್ಮ ಭಾವನವರು ಆಕ್ಷೇಪಿಸಿದರು. ನನಗೂ ಒಳಗೊಳಗೆ ಅದೇ ಅಳುಕು. ಹಾಜರಿ ಪುಸ್ತಕ ಬರೆದ ಕೈ ಸುಮ್ಮನಿರದು. ಪ್ರತಿದಿನ ಸಂಜೆ ಮಾಪಕ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕತೊಡಗಿದೆ.

ಡಿಸೆಂಬರಿನ ಸರಾಸರಿ ದಿನಕ್ಕೆ 12 ಯೂನಿಟ್ಟಿನ ಆಸುಪಾಸು ಬಂದಿತು. ಬೆಳಗಿನ ಮಂಜು ಒಂಬತ್ತರವರೆಗೆ ಕದಲದ ದಿನಗಳೂ ಇದರಲ್ಲಿ ಸೇರಿವೆ. ಮೂರು ಗಂಟೆಯ ಮೇಲೆ ಉತ್ಪಾದನೆ ಕುಸಿಯುತ್ತಿದ್ದದ್ದು ನೋಡಿ ಗಾಬರಿಯಾಗಿ ಮೇಲೆ ಹತ್ತಿದರೆ ನೈಋತ್ಯದ ತೆಂಗಿನ ಮರದ ನೆರಳು ಒಂದು ಫಲಕದ ಮೇಲೆ ಬಿದ್ದಿತ್ತು. ಸರಣಿಯಲ್ಲಿ ಜೋಡಿಸಿದ ಫಲಕಗಳಲ್ಲಿ ಒಂದು ಸೋತರೆ ಉಳಿದವೂ ಸೊರಗುತ್ತವೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿರುವುದರಿಂದ ನೆರಳು ಉದ್ದ; ಅಕ್ಟೋಬರಿನಲ್ಲಿ ಜಾಗ ನೋಡುವಾಗ ನಮಗದು ತೋಚಿರಲಿಲ್ಲ. ನಾಲ್ಕು ಸೋಗೆ ಕಡಿಸಿದ ಮೇಲೆ ಜನವರಿಯ ಸರಾಸರಿ 13.5ಕ್ಕೆ ಏರಿತು. ಏಪ್ರಿಲಿನಲ್ಲಿ ಇದು 16 ದಾಟುವುದೆಂದು ಭಾವನವರ ಮುಂದೆ ಪಂಥ ಕಟ್ಟಿದ್ದೆ. ಬಂದದ್ದು 13!

ಯಂತ್ರ ಕೆಟ್ಟಿತೆಂದೇ ಭಾವಿಸಿ, ದೂರು ಬರೆಯಲು ಕುಳಿತವನು, ಅದಕ್ಕೆ ಮೊದಲು ಓದೋಣವೆಂದು ಓದಿದೆ. ಫಲಕದ ಮೇಲೆ ನಮೂದಿಸುವ ಸಾಮರ್ಥ್ಯ ಕೋಶದ ಉಷ್ಣತೆ 25 ಡಿಗ್ರಿ ಇದ್ದಾಗಿನದು. ಏಪ್ರಿಲಿನ ಮಧ್ಯಾಹ್ನ ಫಲಕ 60 ಡಿಗ್ರಿ ಮುಟ್ಟುತ್ತದೆ. ಸಿಲಿಕಾನ್ ಕಾದಂತೆ ಅದರ ವೋಲ್ಟೇಜು ಇಳಿಯುತ್ತದೆ. ಡಿಗ್ರಿಯೊಂದಕ್ಕೆ ಸುಮಾರು ಶೇಕಡಾ 0.4ರಂತೆ ನಷ್ಟ ಹಿಡಿದರೂ 35 ಡಿಗ್ರಿಗೆ ಶೇಕಡಾ 14 ಹೋಯಿತು. ಏಪ್ರಿಲಿನ ಸಂಜೆಮೋಡಗಳ ಪಾಲೂ ಇದೆ, ದಕ್ಷಿಣಕ್ಕೆ 15 ಡಿಗ್ರಿ ಓರೆಯಾಗಿಟ್ಟ ನಮ್ಮ ಫಲಕಗಳು ಜನವರಿಯ ಬಾಗಿದ ಬಿಸಿಲನ್ನೇ ಚೆನ್ನಾಗಿ ಹಿಡಿಯುತ್ತವೆಂಬುದೂ ಇದೆ. ಒಟ್ಟಿನಲ್ಲಿ ನಾನು ತರಗತಿಯಲ್ಲಿ ಹೇಳಿದ ಕಾವು ಇಲ್ಲಿ ಸಹಾಯಕನಲ್ಲ, ಕಳ್ಳ. ಮಲೆನಾಡಿನಲ್ಲಿ ಫಲಕಗಳ ಬರಗಾಲ ಆಷಾಢ. 2025ರ ಜುಲೈಯಲ್ಲಿ ನಮ್ಮ ಸರಾಸರಿ 6 ಯೂನಿಟ್ಟು. ಜಡಿಮಳೆಯ ದಿನ 2 ಬಂದರೆ ಪುಣ್ಯ. ಅದೇ ಮೋಡ ಅದೇ ವಾರ ಲಿಂಗನಮಕ್ಕಿಯನ್ನು ತುಂಬಿಸುತ್ತಿತ್ತಾದ್ದರಿಂದ ಬೇಸರಪಡಲಿಲ್ಲ.

ಹಿಂದಿನ ಬೆಂಚಿನ ಆ ಹುಡುಗ ಈಗ ಮ್ಯೂನಿಕ್ ಬಳಿ ಎಂಜಿನಿಯರ್. ಅವನ ಮನೆಯ ಮಾಡಿನ ಮೇಲೂ ಫಲಕಗಳಿವೆ. ಅಲ್ಲಿಯ ಚಳಿಗಾಲ ಮಾತ್ರ ನಿಜವಾಗಿಯೂ ಬಡ ಕಾಲ. ಡಿಸೆಂಬರಿನ ನಡುಹಗಲಲ್ಲಿ ಸೂರ್ಯ ದಿಗಂತದಿಂದ ಬರೀ 18 ಡಿಗ್ರಿ ಎತ್ತರ, ಹಗಲು ಎಂಟೂವರೆ ಗಂಟೆಗೂ ಕಡಿಮೆ. ನಮ್ಮಲ್ಲಿ ಅದೇ ದಿನ ಸೂರ್ಯ 52 ಡಿಗ್ರಿ ಏರುತ್ತಾನೆ, ಹಗಲು ಹನ್ನೊಂದು ಗಂಟೆ ದಾಟುತ್ತದೆ. ಅಲ್ಲಿ ಕೊರತೆಯಾಗುವುದು ಬೆಳಕು. ಚಳಿ ಫಲಕಕ್ಕೆ ಹಿತವೇ.

ಕಳೆದ ಡಿಸೆಂಬರಿನಲ್ಲಿ ಅವನಿಗೆ ಒಂದು ಪತ್ರ ಬರೆದು, 1991ರ ತರಗತಿಯನ್ನು ನೆನಪಿಸಿ, ನನ್ನ ಉತ್ತರ ತಪ್ಪಾಗಿತ್ತೆಂದೂ ಕೂರಿಸಿದ್ದು ಇನ್ನೂ ದೊಡ್ಡ ತಪ್ಪೆಂದೂ ತಿಳಿಸಿದೆ. ಅವನಿಗೆ ಆ ಪ್ರಸಂಗವೇ ಮರೆತಿತ್ತಂತೆ. "ಕ್ಯಾಲ್ಕುಲೇಟರ್ ಅಣ್ಣನದಲ್ಲ ಸಾರ್, ಮಾವನದು" ಎಂದಷ್ಟೇ ತಿದ್ದಿ, ಹಿಮ ಮುಚ್ಚಿದ ತನ್ನ ಮಾಡಿನ ಚಿತ್ರವೊಂದನ್ನು ಕಳಿಸಿದ್ದ. ಅಂದು ಅವನ ಮನೆಯ ಉತ್ಪಾದನೆ ಸೊನ್ನೆ. ನಿಮ್ಮಲ್ಲಿ ಎಷ್ಟು ಎಂದು ಕೇಳಿದ್ದ. ಕನ್ನಡಕ ಹುಡುಕಿ, ನೋಟ್‌ಬುಕ್ ತೆರೆದು, 12.8 ಎಂದು ಬರೆದು ಕಳಿಸಿದೆ.