ಹೆಬ್ಬೆಟ್ಟಿನ ಬೀಗ

ದಿಲ್‌ಸುಖ್‌ನಗರಕ್ಕೆ ನಾವು ಬಂದ ಹೊಸತರಲ್ಲಿ ಊರಿನವರ ದನಿ ಕೇಳಲು ಎಸ್‌ಟಿಡಿ ಬೂತಿನ ಮುಂದೆ ಕಾಯಬೇಕಿತ್ತು. 2011ರಲ್ಲಿ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯಲು ಕೇಂದ್ರ ಒಪ್ಪಿತು; ಅದೇ ಮುಂದೆ ಭಾರತ್‌ನೆಟ್ ಆಯಿತು. ತೆಲಂಗಾಣದಲ್ಲಿ ಮಿಷನ್ ಭಗೀರಥದ ನೀರಿನ ಕೊಳವೆಗೆ ತೋಡಿದ ಕಂದಕದಲ್ಲೇ ಟಿ-ಫೈಬರ್ ತಂತಿಗೂ ದಾರಿಯಾಯಿತು.

ಅನುಕೂಲದ ಹಿಂದೆಯೇ ಕಳವೂ ಬಂತು. ಭೂನೋಂದಣಿ ಪತ್ರಗಳನ್ನು ಜಾಲತಾಣದಿಂದ ಇಳಿಸಿಕೊಂಡು, ಅವುಗಳಲ್ಲಿದ್ದ ಬೆರಳಚ್ಚುಗಳ ನಕಲಿ ಅಚ್ಚು ಮಾಡಿ, ಪರರ ಹೆಸರಿನಲ್ಲಿ ಸಿಮ್‌ಗಳನ್ನು ಚಾಲೂ ಮಾಡಿದ ಆರೋಪದ ಮೇಲೆ 2018ರಲ್ಲಿ ಪೆದ್ದಪಲ್ಲಿ ಜಿಲ್ಲೆಯ ವ್ಯಾಪಾರಿಯೊಬ್ಬನ ಬಂಧನವಾಯಿತು. ಗುರುತಿನ ಕಳವಿಗೆ 3 ವರ್ಷದವರೆಗೆ ಸೆರೆವಾಸ ವಿಧಿಸುವ 66ಸಿ ಕಲಮು 2009ರಿಂದಲೇ ಜಾರಿಯಲ್ಲಿತ್ತು. ಆದರೂ ಕಳುವಾದ ಬೆರಳಚ್ಚನ್ನು ಬದಲಿಸಲಾದೀತೆ?

ಜಮೀನಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರೆ. ಹಬ್ಬಕ್ಕೆ ಊರಿಗೆ ಹೋದಾಗ ಅವರ ಆಧಾರ್ ಬೆರಳಚ್ಚಿಗೆ ಬೀಗ ಹಾಕಿಸೋಣ, ಬೇಕಾದಾಗ ತೆರೆಯುವ ಬಗೆಯನ್ನೂ ಕಲಿಸಿ ಬರೋಣ.