ಮಾಂಗಾ ಧಾರಾವಾಹಿಗಳ ಅಂತ್ಯ: ಓದುಗರ ಅಭಿಪ್ರಾಯದ ಇತಿಹಾಸ

ಜಪಾನಿನ ಚಿತ್ರಕಥೆಗಳಾದ ಮಾಂಗಾಗಳು ಸಾಮಾನ್ಯವಾಗಿ ವಾರಪತ್ರಿಕೆ, ಮಾಸಪತ್ರಿಕೆಗಳಲ್ಲಿ ಕಂತು ಕಂತಾಗಿ ಬಂದು ಅನಂತರ ಸಂಪುಟಗಳಾಗುತ್ತವೆ. ಜನ ಮೆಚ್ಚಿದ ಕಥೆ ಹತ್ತು ಹದಿನೈದು ವರ್ಷ ನಡೆಯುವುದುಂಟು. ಶಾಲೆಗೆ ಹೋಗುವಾಗ ಓದಲು ಹಿಡಿದವರು ಕೊನೆಯ ಕಂತನ್ನು ಓದುವ ಹೊತ್ತಿಗೆ ನೌಕರಿಯಲ್ಲಿರುತ್ತಾರೆ. ಅಂತ್ಯದ ಮೇಲಿನ ಚರ್ಚೆ ಅಷ್ಟು ತೀವ್ರವಾಗಲು ಇದೊಂದು ಕಾರಣ.

ಇನ್ನೊಂದು ಕಾರಣ ಪತ್ರಿಕೆಗಳ ವ್ಯವಸ್ಥೆಯಲ್ಲೇ ಇದೆ. 1968ರಲ್ಲಿ ಆರಂಭವಾದ 'ಶೋನೆನ್ ಜಂಪ್' ಸಂಚಿಕೆಯೊಂದಿಗೆ ಅಂಚೆ ಕಾರ್ಡು ಕೊಟ್ಟು, ಮೆಚ್ಚಿದ ಕಥೆಗಳನ್ನು ತಿಳಿಸುವಂತೆ ಓದುಗರನ್ನು ಕೇಳುತ್ತ ಬಂದಿತು. ಮೆಚ್ಚುಗೆ ಕಡಿಮೆಯಾದ ಕಥೆಗಳು ಅರ್ಧಕ್ಕೇ ನಿಂತವು. ಕಥೆ ಬದುಕಬೇಕೋ ಬೇಡವೋ ಎಂಬಲ್ಲಿ ಹೀಗೆ ಪಾಲು ಪಡೆದ ಓದುಗರು, ಅದು ಮುಗಿದ ರೀತಿಯ ಬಗ್ಗೆಯೂ ಮಾತಾಡುವುದು ಸಹಜವೇ ಆಗಿದೆ.

ಚಿಬಾ ತೆತ್ಸುಯಾ ಚಿತ್ರಿಸಿದ 'ಅಶಿತಾ ನೋ ಜೋ' (1968–1973) ಈ ಇತಿಹಾಸದ ಮೊದಲ ದೊಡ್ಡ ಘಟ್ಟ. ಇದು ಕೊಳೆಗೇರಿಯಿಂದ ಬಂದ ಬಾಕ್ಸರ್ ಜೋನ ಕಥೆ. ಅವನ ಎದುರಾಳಿ ರಿಕಿಇಶಿ ಕಥೆಯಲ್ಲಿ ಸತ್ತಾಗ, 1970ರ ಮಾರ್ಚ್‌ನಲ್ಲಿ ಟೋಕಿಯೊದ ಕೋದಾನ್‌ಶಾ ಪ್ರಕಾಶನದ ಕಟ್ಟಡದಲ್ಲಿ ಅವನಿಗೆ ನಿಜವಾದ ಶೋಕಸಭೆ ನಡೆಯಿತು. ಕವಿ ತೆರಾಯಾಮಾ ಶೂಜಿ ಮುಂದಾಳತ್ವ ವಹಿಸಿದ ಆ ಸಭೆಗೆ ಸುಮಾರು 700 ಮಂದಿ ಬಂದರು. ಕೊನೆಯ ಪುಟದಲ್ಲಿ ಜೋ ತನ್ನ ಮೂಲೆಯ ಸ್ಟೂಲಿನ ಮೇಲೆ, ಬೂದಿಯಂತೆ ಬೆಳ್ಳಗಾಗಿ, ತಲೆ ತಗ್ಗಿಸಿ ಕೂತಿದ್ದಾನೆ. ಅವನು ಸತ್ತನೇ, ದಣಿದು ಕೂತನೇ? ಈ ವಾದ ಅರ್ಧ ಶತಮಾನ ಕಳೆದರೂ ನಿಂತಿಲ್ಲ. ಮಾಂಗಾ ಕಂಡ ಅತ್ಯುತ್ತಮ ಅಂತ್ಯ ಇದೇ ಎನ್ನಲು ಅಡ್ಡಿಯಿಲ್ಲ.

ಇನೊಯೆ ತಕೆಹಿಕೊ ಅವರ ಬಾಸ್ಕೆಟ್‌ಬಾಲ್ ಕಥೆ 'ಸ್ಲ್ಯಾಮ್ ಡಂಕ್' 1996ರಲ್ಲಿ, ಜನಪ್ರಿಯತೆಯ ತುದಿಯಲ್ಲಿದ್ದಾಗಲೇ, ಟೂರ್ನಿಯ ನಡುವೆ ಮುಗಿದುಹೋಯಿತು. ಓದುಗರ ಕೊರಗು ವರ್ಷಗಟ್ಟಲೆ ಉಳಿಯಿತು. 2004ರಲ್ಲಿ ಇನೊಯೆ ಕನಗಾವಾ ಪ್ರಾಂತದ ಮುಚ್ಚಿದ ಪ್ರೌಢಶಾಲೆಯೊಂದರ ಕಪ್ಪುಹಲಗೆಗಳ ಮೇಲೆ ಸೀಮೆಸುಣ್ಣದಲ್ಲಿ, ಕಥೆ ಮುಗಿದ ಹತ್ತು ದಿನಗಳ ನಂತರದ ಸಂಗತಿಗಳನ್ನು ಬರೆದು ತೋರಿಸಿದರು.

ಇತ್ತೀಚಿನ ಕಾಲದಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಇಸಾಯಾಮಾ ಹಾಜಿಮೆ ಅವರ 'ಅಟ್ಯಾಕ್ ಆನ್ ಟೈಟನ್'. 2009ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಈ ಕಥೆ 2021ರ ಏಪ್ರಿಲ್‌ನಲ್ಲಿ 139ನೇ ಅಧ್ಯಾಯಕ್ಕೆ ಮುಗಿಯಿತು. ಮನುಷ್ಯರನ್ನು ತಿನ್ನುವ ದೈತ್ಯರ ವಿರುದ್ಧ ಹೋರಾಡಲು ಹೊರಟ ಎರೆನ್, ಕೊನೆಗೆ ತಾನೇ ಜಗತ್ತಿನ ಬಹುಪಾಲು ಜನರನ್ನು ತುಳಿಸಿ ಕೊಲ್ಲುತ್ತಾನೆ; ಅವನನ್ನು ಪ್ರೀತಿಸಿದ ಮಿಕಾಸಾಳ ಕೈಯಲ್ಲೇ ಸಾಯುತ್ತಾನೆ. ಮಿಕಾಸಾಳ ನಿರ್ಧಾರವನ್ನು ಅನೇಕರು ಕಥೆಗೆ ತಕ್ಕ ದುರಂತವೆಂದು ಒಪ್ಪಿದರು. ಇನ್ನು ಕೆಲವರಿಗೆ, ಅಷ್ಟು ಗಟ್ಟಿಯಾಗಿ ಬೆಳೆದ ಎರೆನ್ ಗೆಳೆಯ ಆರ್ಮಿನ್‌ನೊಂದಿಗಿನ ಕೊನೆಯ ಮಾತುಕತೆಯಲ್ಲಿ ಮಗುವಿನಂತೆ ಅಳುವುದು ನುಂಗಲಾಗದ ತುತ್ತಾಯಿತು. ಎಲ್ಲಕ್ಕಿಂತ ಹೆಚ್ಚು ಆಕ್ಷೇಪ ಬಂದದ್ದು, ತಮಗಾಗಿ ಸಾಮೂಹಿಕ ಹಂತಕನಾದ ಗೆಳೆಯನಿಗೆ ಆರ್ಮಿನ್ ಧನ್ಯವಾದ ಹೇಳುವ ಮಾತಿಗೆ. ನರಮೇಧವನ್ನು ಕಥೆ ಮೆಚ್ಚಿಕೊಂಡಂತಾಯಿತಲ್ಲ ಎಂದು ಓದುಗರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು.

2021ರ ಜೂನ್‌ನಲ್ಲಿ ಬಂದ 34ನೇ ಸಂಪುಟಕ್ಕೆ ಇಸಾಯಾಮಾ ಕೆಲವು ಪುಟ ಸೇರಿಸಿದರು. ಎರೆನ್ ಉಳಿಸಹೊರಟ ನಾಡು ಮುಂದೊಂದು ಕಾಲದಲ್ಲಿ ಯುದ್ಧದಿಂದ ಹಾಳಾದದ್ದನ್ನು ಅವು ತೋರಿಸುತ್ತವೆ. 2022ರಲ್ಲಿ ನ್ಯೂಯಾರ್ಕ್‌ನಲ್ಲಿ ಅಭಿಮಾನಿಗಳ ಎದುರು ಕೂತ ಅವರು, ಅಂತ್ಯದ ಬಗ್ಗೆ ತಮ್ಮ ತಳಮಳ ಇನ್ನೂ ಮುಗಿದಿಲ್ಲವೆಂದು ಹೇಳಿಕೊಂಡರು. 2023ರ ನವೆಂಬರ್‌ನಲ್ಲಿ ಪ್ರಸಾರವಾದ, ಈ ಕಥೆಯ ಅನಿಮೇಷನ್ ರೂಪವಾದ ಅನಿಮೆಯ ಕೊನೆಯ ಕಂತಿಗಾಗಿ ಎರೆನ್–ಆರ್ಮಿನ್ ಮಾತುಕತೆ ಪರಿಷ್ಕೃತವಾಯಿತು. ಅಲ್ಲಿ ಆರ್ಮಿನ್ ಪಾಪದಲ್ಲಿ ತನ್ನದೂ ಪಾಲಿದೆಯೆನ್ನುತ್ತಾನೆ, ನರಕಕ್ಕೆ ಜೊತೆಯಾಗಿ ಬರುವೆನೆನ್ನುತ್ತಾನೆ. ಮೂಲಕ್ಕಿಂತ ಇದು ಹೆಚ್ಚು ಪ್ರಾಮಾಣಿಕವಾದ ಅಂತ್ಯ. ಕಥೆಯನ್ನು ಈಗ ಹೊಸದಾಗಿ ಓದುವವರು 34ನೇ ಸಂಪುಟದ ಸೇರಿಸಿದ ಪುಟಗಳನ್ನೂ ಓದಿ, ಅನಿಮೆಯ ಈ ಮಾತುಕತೆಯನ್ನೂ ನೋಡಿದ ಮೇಲೆಯೇ ತೀರ್ಮಾನಕ್ಕೆ ಬರುವುದು ಒಳ್ಳೆಯದು.