ಜೋಳದ ರೊಟ್ಟಿ ತಾಟಿನಿಂದ ಸರಿದ ಕಥೆ

ಮದುವೆಯಾಗಿ ಧರಮಪೇಠಕ್ಕೆ ಬಂದ ಹೊಸತರಲ್ಲಿ ಗೋಕುಲಪೇಠ ಮಾರ್ಕೆಟ್ಟಿನ ಅಂಗಡಿಯವರು 'ಜ್ವಾರಿ' ಎಂದದ್ದು ನನ್ನ ಧಾರವಾಡದ ಕಿವಿಗೆ 'ಜವಾರಿ' ಎಂದೇ ಕೇಳಿಸಿತ್ತು. ನೋಡಿದರೆ ನಮ್ಮ ಬಿಳಿಜೋಳ! ವಿದರ್ಭದ ಭಾಕರಿ ನಮ್ಮ ರೊಟ್ಟಿಯೇ. ಝುಣಕವಂತೂ ಹೆಸರೂ ಅದೇ. 1995ರಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ರೂಪಾಯಿಗೆ ಝುಣಕಾ-ಭಾಕರ್ ಕೊಡಲು ಹೊರಟಾಗ ಅದು ಬಡವರ ಊಟವೆಂದೇ ಲೆಕ್ಕ. ಈಗ ಎರಡೂ ಕಡೆ ಬಹಳಷ್ಟು ಮನೆಗಳಲ್ಲಿ ದಿನದ ಊಟಕ್ಕೆ ಚಪಾತಿ, ಅನ್ನ.

ನಮ್ಮ ನಾಲಿಗೆ ತಾನಾಗಿಯೇ ಬದಲಾಗಲಿಲ್ಲ. 1956ರ ಪಿಎಲ್-480 ಒಪ್ಪಂದದಿಂದ ಅಮೆರಿಕದ ಗೋಧಿ ಬಂತು. 1965ರಲ್ಲಿ ಭಾರತೀಯ ಆಹಾರ ನಿಗಮ ಶುರುವಾಯಿತು. ಹಸಿರು ಕ್ರಾಂತಿಯ ಬೀಜ, ನೀರಾವರಿ, ಸರ್ಕಾರದ ಖರೀದಿ, ರೇಷನ್ ಅಂಗಡಿ ಎಲ್ಲವೂ ಮುಖ್ಯವಾಗಿ ಗೋಧಿ-ಅಕ್ಕಿಯ ಪರವಾಗಿದ್ದವು. ವಿದರ್ಭದ ಜೋಳದ ಹೊಲಗಳಿಗೆ ಸೋಯಾಬೀನ್ ಬಂತು. 1960ರ ಹೊತ್ತಿಗೆ ದೇಶದಲ್ಲಿ ಸುಮಾರು 180 ಲಕ್ಷ ಹೆಕ್ಟೇರ್ ಇದ್ದ ಜೋಳ ಈಗ 50 ಲಕ್ಷವನ್ನೂ ಮುಟ್ಟುವುದಿಲ್ಲ. ಒಟ್ಟು ಧಾನ್ಯದ ಊಟವೇ ಇಳಿದಿದೆ: ಹಳ್ಳಿಯಲ್ಲಿ ತಲಾ ತಿಂಗಳಿಗೆ 1972-73ರಲ್ಲಿ 15 ಕೆಜಿ ದಾಟಿದ್ದದ್ದು 2011-12ಕ್ಕೆ ಸುಮಾರು 11. ಆಮೇಲಿನ 2022-23ರ ಸಮೀಕ್ಷೆಯಲ್ಲಿ ಹಳ್ಳಿಯವರೂ ಧಾನ್ಯಕ್ಕಿಂತ ಹೆಚ್ಚು ಖರ್ಚು ಮಾಡಿದ್ದು ಪಾನೀಯ, ಕುರುಕಲು, ಸಿದ್ಧ ಆಹಾರಕ್ಕೆ.

ಆದರೆ ಈ ಅಂಕಿಗಳಲ್ಲಿ ಅಡುಗೆಮನೆ ಕಾಣುವುದಿಲ್ಲ. ಗೋಧಿಯಲ್ಲಿರುವ ಅಂಟು ಜೋಳಕ್ಕಿಲ್ಲ. ಕುದಿನೀರು ಹಾಕಿ, ಬಿಸಿ ಇರುವಾಗಲೇ ನಾದಿ, ಒಂದೊಂದನ್ನೂ ಕೈಯಲ್ಲಿ ಬಡಿಯಬೇಕು. ಕೂಡು ಕುಟುಂಬದಲ್ಲಿ ನಮ್ಮಜ್ಜಿ ದಿನಾ ನಲವತ್ತು ರೊಟ್ಟಿ ಬಡಿಯುತ್ತಿದ್ದಳು, ಅದೂ ಹೊಗೆಯ ಒಲೆಯ ಮುಂದೆ. ಚಪಾತಿ ಹಿಟ್ಟನ್ನಾದರೆ ಕಲಸಿಟ್ಟು, ಬೇಕಾದಾಗ ಲಟ್ಟಿಸಬಹುದು. "ಚಪಾತಿ ಬಂದು ರಟ್ಟಿ ಉಳೀತವ್ವಾ" ಎನ್ನುತ್ತಿದ್ದಳು. ಹಸಿರು ಕ್ರಾಂತಿಯ ಇತಿಹಾಸ ಓದುವಾಗ ಈ ರಟ್ಟೆಯ ಮಾತು ನನಗೆಲ್ಲೂ ಸಿಗಲಿಲ್ಲ.

2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ನಮ್ಮ ಆಫೀಸಿನಲ್ಲೂ ಭಾಷಣಗಳಾದವು: ನಾರಿನಂಶ, ಸಕ್ಕರೆ ಕಾಯಿಲೆ, ಕಡಿಮೆ ನೀರಿನ ಬೆಳೆ. ಎಲ್ಲ ಸರಿಯೇ. ರೊಟ್ಟಿ ಬಡಿಯುವವರು ಯಾರು ಎಂದು ಯಾರೂ ಹೇಳಲಿಲ್ಲ! ಉತ್ತರ ಕರ್ನಾಟಕದ ಊರುಗಳಲ್ಲಿ ಹೆಂಗಸರು ಖಡಕ್ ರೊಟ್ಟಿ ಮಾಡಿ ಮಾರುವ ಕೇಂದ್ರಗಳೇ ನನಗೆ ಹೆಚ್ಚು ನಂಬಿಕೆಯ ದಾರಿ. ಅಲ್ಲಿ ಬಡಿಯುವ ಕೈಗೂ ಕೂಲಿಯಿದೆ. ಊರಿಗೆ ಹೋದಾಗಲೆಲ್ಲ ಒಂದು ಕಟ್ಟು ತರುತ್ತೇನೆ. ರೈಲಿನಲ್ಲಿ ಮುರಿಯದಂತೆ ನಾಗಪುರದವರೆಗೆ ತೊಡೆಯ ಮೇಲೇ ಇಟ್ಟುಕೊಂಡು.